'ಅವರು ನಮ್ಮವರೇ' ಅಂತ ಬಿಡಬೇಡಿ: ಮಕ್ಕಳ ಜೊತೆ ಇರುವವರ ಪೂರ್ವಾಪರ ತಪಾಸಣೆ ಹೇಗೆ?

ಮಕ್ಕಳ ಜೊತೆ ಕೆಲಸ ಮಾಡುವವರ ಪೂರ್ವಾಪರ ವಿಚಾರಿಸಬೇಕು ಎಂದು ಧಾರ್ಮಿಕ ಸಂಸ್ಥೆಯ ಸಭೆಯಲ್ಲಿ ಹೇಳಿ ನೋಡಿ. ಯಾರಾದರೊಬ್ಬರು 'ಅವರು ನಮ್ಮವರೇ ಬಿಡಿ, ಇಪ್ಪತ್ತು ವರ್ಷದಿಂದ ಗೊತ್ತು' ಎನ್ನುತ್ತಾರೆ. ಎಡವುವುದು ಇಲ್ಲೇ. ಹೊರಗಿನಿಂದ ಬಂದ ವಾಚ್‌ಮನ್ ದಾಖಲೆಯನ್ನು ಎಲ್ಲರೂ ಕೇಳುತ್ತಾರೆ. ವಾರಕ್ಕೊಮ್ಮೆ ಮಕ್ಕಳಿಗೆ ಪಾಠ ಹೇಳುವ ಹಿರಿಯರನ್ನು, ಮಕ್ಕಳನ್ನು ವ್ಯಾನಿನಲ್ಲಿ ಕರೆತರುವ ಭಕ್ತರನ್ನು ಕೇಳಲು ಮಾತ್ರ ಸಂಕೋಚ.

ಈ ಸಂಕೋಚಕ್ಕೆ ಮಕ್ಕಳು ಎಷ್ಟು ಬೆಲೆ ತೆತ್ತರು ಎಂಬುದು ಆಸ್ಟ್ರೇಲಿಯಾದ ರಾಯಲ್ ಕಮಿಷನ್ ವರದಿಯಲ್ಲಿದೆ. ಸಂಸ್ಥೆಗಳಲ್ಲಿ ನಡೆದ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಅದು 2013ರಿಂದ 2017ರವರೆಗೆ ವಿಚಾರಣೆ ನಡೆಸಿತು. ಸುಮಾರು 8,000 ಜನ ಆಯೋಗದ ಮುಂದೆ ಖಾಸಗಿಯಾಗಿ ಮಾತಾಡಿದರು. ದೌರ್ಜನ್ಯ ನಡೆದದ್ದು ಧಾರ್ಮಿಕ ಸಂಸ್ಥೆಯಲ್ಲಿ ಎಂದವರೇ 4,000ಕ್ಕೂ ಜಾಸ್ತಿ.

ಹಾಗಾದರೆ ಕೆಲಸ ಎಲ್ಲಿಂದ ಶುರು ಮಾಡುವುದು?

ಮೊದಲು: ನಿಮಗೆ ಯಾವ ಕಾನೂನು?

ಎಲ್ಲ ಕಡೆಗೂ ಒಂದೇ ನಿಯಮ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಪಾಸಣೆ ಮಾಡುವುದು ಡಿಬಿಎಸ್ ಎಂಬ ಸರ್ಕಾರಿ ಸಂಸ್ಥೆ. ಆಸ್ಟ್ರೇಲಿಯಾದಲ್ಲಿ ರಾಜ್ಯಕ್ಕೊಂದು ಪದ್ಧತಿ. ಐರ್ಲೆಂಡ್‌ನಲ್ಲಿ 2016ರಿಂದ ಪೊಲೀಸ್ ತಪಾಸಣೆ ಕಡ್ಡಾಯ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಂಬಳದ ಕೆಲಸಕ್ಕೆ ಮೂರು ಕಾಗದ ಬೇಕು: ರಾಜ್ಯ ಪೊಲೀಸರದ್ದೊಂದು, ಮಕ್ಕಳ ದೌರ್ಜನ್ಯದ ದಾಖಲೆ ನೋಡಿದ್ದೊಂದು, ಎಫ್‌ಬಿಐ ಬೆರಳಚ್ಚಿನದ್ದೊಂದು. 60 ತಿಂಗಳಿಗೊಮ್ಮೆ ಇವನ್ನು ಹೊಸದಾಗಿ ಮಾಡಿಸಬೇಕು. ಭಾರತದಲ್ಲಿ 2020ರ ಪೋಕ್ಸೊ ನಿಯಮಗಳಿವೆ. ಮಕ್ಕಳನ್ನು ಇರಿಸಿಕೊಂಡಿರುವ ಅಥವಾ ಮಕ್ಕಳ ಜೊತೆ ನಿತ್ಯ ಒಡನಾಟ ಇರುವ ಯಾವುದೇ ಸಂಸ್ಥೆ ತನ್ನ ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಮಾಡಿಸಬೇಕು, ಅದೂ ಆಗಾಗ ಮಾಡಿಸುತ್ತಿರಬೇಕು ಎಂದು ಅವು ಹೇಳುತ್ತವೆ. ಕಾಯಂ ನೌಕರರಾದರೂ ಅಷ್ಟೇ, ಗುತ್ತಿಗೆಯವರಾದರೂ ಅಷ್ಟೇ.

'ನಾವೇನು ಶಾಲೆ ನಡೆಸುತ್ತಿಲ್ವಲ್ಲ' ಎನ್ನುವವರಿದ್ದಾರೆ. ಇಂಥ ಕಾನೂನುಗಳು ಬಾಗಿಲ ಮೇಲಿನ ಬೋರ್ಡ್ ನೋಡುವುದಿಲ್ಲ, ಒಳಗೆ ಮಕ್ಕಳ ಜೊತೆ ಯಾರಿದ್ದಾರೆ ಎಂದು ನೋಡುತ್ತವೆ. ನಿಮ್ಮ ಕಾನೂನು ಸಂಬಳದವರ ಬಗ್ಗೆ ಮಾತ್ರ ಹೇಳಿದ್ದರೂ ಸೇವೆ ಮಾಡಲು ಬರುವವರನ್ನೂ ಸೇರಿಸಿಕೊಳ್ಳಿ. ಯಾರಿಗೆ ಸಂಬಳ ಇದೆ, ಯಾರಿಗೆ ಇಲ್ಲ ಎಂಬುದು ಮಕ್ಕಳಿಗೆ ಹೇಗೆ ಗೊತ್ತಾಗಬೇಕು?

ಎರಡನೆಯದು: ಪಟ್ಟಿ

ಹುದ್ದೆ ನೋಡಿ ಪಟ್ಟಿ ಮಾಡಬೇಡಿ. ಒಂದು ವಾರ ಸುಮ್ನೆ ಗಮನಿಸಿ. ಮಕ್ಕಳು ಬಾಗಿಲು ದಾಟಿ ಒಳಗೆ ಬಂದಾಗಿನಿಂದ ಮನೆಗೆ ಹೋಗುವವರೆಗೆ ಯಾರ ಕೈಯಲ್ಲಿರುತ್ತಾರೆ? ಪಾಠ ಹೇಳುವವರು, ಹಾಡು ಕಲಿಸುವವರು, ವಾಹನ ಓಡಿಸುವವರು, ಊಟ ಬಡಿಸುವವರು, ಶೌಚಾಲಯಕ್ಕೆ ಕರೆದೊಯ್ಯುವವರು, ಶಿಬಿರದಲ್ಲಿ ರಾತ್ರಿ ಉಳಿಯುವವರು. ಕೋಣೆಗಳ ಬೀಗದ ಕೈ ಯಾರ ಹತ್ತಿರ ಇದೆ ಎಂಬುದನ್ನೂ ಬರೆದುಕೊಳ್ಳಿ. ಸಾಮಾನ್ಯವಾಗಿ ಬಿಟ್ಟುಹೋಗುವ ಹೆಸರು ಅದೇ.

ಪಟ್ಟಿಯ ಮೊದಲ ಹೆಸರು ಮುಖ್ಯಸ್ಥರದ್ದೇ ಆಗಿರಲಿ. ಗುರುಗಳೋ ಅಧ್ಯಕ್ಷರೋ, ಅವರೇ ಮೊದಲು ಫಾರ್ಮ್ ತುಂಬಿದರೆ ಉಳಿದವರು ತಕರಾರು ತೆಗೆಯುವುದಿಲ್ಲ. ಅವರು ತುಂಬದಿದ್ದರೆ ಉಳಿದವರಿಂದ ತುಂಬಿಸುವುದು ಕಷ್ಟ.

ಮೂರನೆಯದು: ಫಾರ್ಮ್, ಮತ್ತು ಹೆಸರಿನ ಸಮಸ್ಯೆ

ನನ್ನ ಪ್ರಕಾರ ಧಾರ್ಮಿಕ ಸಂಸ್ಥೆಗಳು ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ ಹಂತ ಇದು. ತಪಾಸಣೆ ನಡೆಯುವುದು ಹೆಸರು, ಹುಟ್ಟಿದ ದಿನ, ವಿಳಾಸ ಅಥವಾ ಬೆರಳಚ್ಚಿನ ಮೇಲೆ. ದೀಕ್ಷೆ ತೆಗೆದುಕೊಂಡವರಿಗೆ, ಸನ್ಯಾಸ ಸ್ವೀಕರಿಸಿದವರಿಗೆ ಹೊಸ ಹೆಸರು ಬಂದಿರುತ್ತದೆ. ಭಕ್ತರಿಗೆ ಗೊತ್ತಿರುವುದು ಆ ಹೆಸರು ಮಾತ್ರ. ಅದೊಂದೇ ಹೆಸರಿನಲ್ಲಿ ಹುಡುಕಿದರೆ ವರದಿ ಚೊಕ್ಕವಾಗಿಯೇ ಬರುತ್ತದೆ, ಏಕೆಂದರೆ ಆ ಹೆಸರಿಗೆ ಹಿಂದಿನ ಜೀವನವೇ ಇಲ್ಲ. ಹುಟ್ಟಿದಾಗಿನ ಹೆಸರು, ಮದುವೆಗೆ ಮೊದಲಿನ ಹೆಸರು, ನಡುವೆ ಬದಲಾಯಿಸಿಕೊಂಡ ಹೆಸರು ಎಲ್ಲವನ್ನೂ ಬರೆಸಿ. ಗುರುತಿನ ಚೀಟಿಯ ಮೂಲ ಪ್ರತಿ ತರಿಸಿ, ಎದುರು ಕೂತು ನೋಡಿ. ಫೋಟೊಕಾಪಿ ಸಾಲದು.

ಇದು ಬರೀ ಊಹೆಯ ಮಾತಲ್ಲ. 2002ರಲ್ಲಿ ಇಂಗ್ಲೆಂಡ್‌ನ ಸೋಹಮ್‌ನಲ್ಲಿ ಶಾಲೆಯೊಂದರ ಕೇರ್‌ಟೇಕರ್ ಹತ್ತು ವರ್ಷದ ಇಬ್ಬರು ಹುಡುಗಿಯರನ್ನು ಕೊಂದ. ಅವನಿಗೆ ಎರಡು ಉಪನಾಮಗಳಿದ್ದವು, ತಪಾಸಣೆ ಒಂದರಲ್ಲೇ ನಡೆದಿತ್ತು. ಬೇರೆ ಊರಿನ ಪೊಲೀಸರಿಗೆ ಅವನ ಮೇಲೆ ಹಲವು ದೂರು ಬಂದಿದ್ದವು. ಆ ಮಾಹಿತಿಯೂ ಶಾಲೆಗೆ ತಲುಪಿರಲಿಲ್ಲ. ಇದರ ಬಗ್ಗೆ ನಡೆದ ಬಿಚರ್ಡ್ ವಿಚಾರಣೆಯ ವರದಿ 2004ರಲ್ಲಿ ಬಂತು. ಅದರ ಬೆನ್ನಿಗೆ 2006ರಲ್ಲಿ ಹೊಸ ಕಾಯ್ದೆಯಾಯಿತು.

ಹೊರದೇಶದಲ್ಲಿ ಇದ್ದು ಬಂದವರಾದರೆ ಆ ದೇಶದ ಪೊಲೀಸ್ ಸರ್ಟಿಫಿಕೇಟ್ ಕೇಳಿ. ಇಲ್ಲಿನ ದಾಖಲೆಯಲ್ಲಿ ಅಲ್ಲಿನದು ಇರುವುದಿಲ್ಲ. ಪ್ರವಚನಕ್ಕೆಂದು ಎರಡು ದಿನ ಬಂದು ಹೋಗುವ ಅತಿಥಿಗೆ ಇಷ್ಟೆಲ್ಲ ಬೇಡ, ಆದರೆ ಅವರನ್ನು ಮಕ್ಕಳ ಜೊತೆ ಒಂಟಿಯಾಗಿ ಬಿಡಬೇಡಿ.

ಖರ್ಚಿನ ನೆಪ ಎಲ್ಲ ಕಡೆ ನಡೆಯುವುದಿಲ್ಲ. ಸ್ವಯಂಸೇವಕರಿಗೆ ಡಿಬಿಎಸ್ ಶುಲ್ಕ ಹಾಕುವುದಿಲ್ಲ.

ನಾಲ್ಕನೆಯದು: ಫೋನ್ ಮಾಡಿ

ಸರ್ಟಿಫಿಕೇಟ್ ಹೇಳುವುದು ದಾಖಲಾದದ್ದನ್ನು ಮಾತ್ರ, ಅದೂ ಆ ದಿನದವರೆಗೆ. ದೂರು ಕೊಡದೆ ಮುಚ್ಚಿಹೋದದ್ದು ಅದರಲ್ಲಿ ಸಿಗುವುದಿಲ್ಲ. ಅದಕ್ಕೇ ಹಿಂದೆ ಕೆಲಸ ಮಾಡಿದ ಕನಿಷ್ಠ ಎರಡು ಜಾಗಗಳಿಗೆ ನೀವೇ ಫೋನ್ ಮಾಡಿ. ಅರ್ಜಿದಾರರು ಕೊಟ್ಟ ನಂಬರಿಗೆ ಬೇಡ, ಸಂಸ್ಥೆಯ ನಂಬರನ್ನು ನೀವೇ ಹುಡುಕಿ. 'ಒಳ್ಳೆಯವರಾ?' ಎಂದು ಕೇಳಿದರೆ 'ಹೂಂ' ಎನ್ನುವ ಉತ್ತರವೇ ಬರುತ್ತದೆ. 'ಮಕ್ಕಳ ವಿಷಯದಲ್ಲಿ ಇವರ ಮೇಲೆ ಯಾವತ್ತಾದರೂ ದೂರು ಬಂದಿತ್ತಾ? ಮತ್ತೆ ಮಕ್ಕಳ ಕೆಲಸಕ್ಕೆ ಇವರನ್ನು ಇಟ್ಟುಕೊಳ್ಳುತ್ತೀರಾ?' ಎಂದು ನೇರವಾಗಿ ಕೇಳಿ. ಆ ಕಡೆಯವರು ತಡವರಿಸಿದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಅರ್ಜಿದಾರರು ಬರೆದ ವರ್ಷಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ನಡುವೆ ಎರಡು ವರ್ಷ ಖಾಲಿ ಇದ್ದರೆ ಆಗ ಎಲ್ಲಿದ್ದರು ಎಂದು ಕೇಳಿ. ಕಾರಣ ಅನಾರೋಗ್ಯವೂ ಇರಬಹುದು, ಕೇಳುವುದರಲ್ಲಿ ತಪ್ಪಿಲ್ಲ.

ಐದನೆಯದು: ಕಾಯುವುದು, ತೀರ್ಮಾನಿಸುವುದು

ಕಾಗದ ಬರುವ ಮೊದಲೇ ಕೆಲಸಕ್ಕೆ ಹಚ್ಚುವುದು ಎಲ್ಲೆಡೆ ನಡೆಯುವ ತಪ್ಪು. 'ಹಬ್ಬ ಹತ್ತಿರ ಬಂತು, ಜನ ಇಲ್ಲ' ಎಂಬ ಸಬೂಬು ಸಿದ್ಧವಾಗಿರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2020ರಲ್ಲಿ ಇದಕ್ಕೆ ಬಾಗಿಲು ಹಾಕಿತು: ತಪಾಸಣೆಯಲ್ಲಿ ಪಾಸಾದವರಿಗೆ ಕೊಡುವ ಕಾರ್ಡ್ ಕೈಗೆ ಬರುವವರೆಗೆ ಕೆಲಸ ಶುರು ಮಾಡುವಂತಿಲ್ಲ. ನಿಮ್ಮಲ್ಲಿ ಕಾನೂನು ಇಷ್ಟು ಬಿಗಿ ಇಲ್ಲದಿದ್ದರೂ ನಿಯಮ ಹೀಗೇ ಇರಲಿ.

ವರದಿಯಲ್ಲಿ ಏನಾದರೂ ಬಂದರೆ? ಮಕ್ಕಳ ಕೆಲಸದಿಂದ ನಿಷೇಧಿತರ ಪಟ್ಟಿಯಲ್ಲಿ ಹೆಸರಿದ್ದರೆ ಯೋಚನೆಗೆ ಜಾಗವೇ ಇಲ್ಲ. ಇಂಗ್ಲೆಂಡ್‌ನಲ್ಲಿ ಗೊತ್ತಿದ್ದೂ ಅಂಥವರನ್ನು ಮಕ್ಕಳ ಕೆಲಸಕ್ಕೆ ಇಟ್ಟುಕೊಂಡರೆ ಸಂಸ್ಥೆಯದ್ದೂ ಅಪರಾಧ. ಆದರೆ ಹದಿನೈದು ವರ್ಷದ ಹಿಂದೆ ಕುಡಿದು ಗಾಡಿ ಓಡಿಸಿದ ಕೇಸೂ ಮಗುವಿನ ಮೇಲಿನ ಹಲ್ಲೆಯೂ ಒಂದೇ ಅಲ್ಲ. ಡ್ರೈವರ್ ಕೆಲಸಕ್ಕೆ ಬಂದವರಾದರೆ ಮೊದಲನೆಯದೂ ಮುಖ್ಯವೇ. ಸಂಬಂಧಪಟ್ಟವರನ್ನು ಕರೆದು ಕೇಳಿ. ಒಬ್ಬರೇ ತೀರ್ಮಾನ ಮಾಡಬೇಡಿ. ಇಬ್ಬರೋ ಮೂವರೋ ಕೂತು, ಕಾರಣ ಬರೆದು ಸಹಿ ಹಾಕಿ. ಅವರಲ್ಲಿ ಅರ್ಜಿದಾರರ ನೆಂಟರು ಇರಬಾರದು.

ಆರನೆಯದು: ರಿಜಿಸ್ಟರ್

ಹೆಸರು, ಸರ್ಟಿಫಿಕೇಟ್ ನಂಬರ್, ನೋಡಿದ ದಿನ, ನೋಡಿದವರ ಸಹಿ, ಮತ್ತೆ ಮಾಡಿಸಬೇಕಾದ ದಿನ. ಇಷ್ಟು ಸಾಕು. ಸರ್ಟಿಫಿಕೇಟನ್ನೇ ಫೈಲಿನಲ್ಲಿ ವರ್ಷಗಟ್ಟಲೆ ಇಡಬೇಡಿ. ಡಿಬಿಎಸ್ ವಿಷಯದಲ್ಲಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಬೀರುವಿಗೆ ಬೀಗ ಇರಲಿ. ಸಭೆಯಲ್ಲಿ ಓದಿ ಹೇಳುವ ವಿಷಯ ಇದಲ್ಲ.

ಕೊನೆಯದು: ಸಂಶಯ ಬಂದಾಗ

ತಪಾಸಣೆಯಲ್ಲಿ ಪಾಸಾದವರ ಮೇಲೂ ದೂರು ಬರಬಹುದು. 'ಮೊದಲು ನಾವೇ ಒಳಗೆ ವಿಚಾರಿಸೋಣ' ಎಂದು ಕೂರಬೇಡಿ. ಭಾರತದ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಸೆಕ್ಷನ್‌ನಲ್ಲಿ ಒಂದು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಮಗುವಿನ ಹೆಸರು, ಗುರುತು ಮಾತ್ರ ಎಲ್ಲೂ ಹೊರಬೀಳಬಾರದು.

ಆರೋಪ ಬಂದವರನ್ನು ಸದ್ದಿಲ್ಲದೆ ಬೇರೆ ಕಡೆಗೆ ವರ್ಗ ಮಾಡುವುದು ಹಳೆಯ ಚಾಳಿ. ಮಕ್ಕಳಿಗೆ ಹಾನಿ ಮಾಡಿದರೆಂದು ಯಾರನ್ನಾದರೂ ಆ ಕೆಲಸದಿಂದ ತೆಗೆದರೆ ಇಂಗ್ಲೆಂಡ್‌ನಲ್ಲಿ ಡಿಬಿಎಸ್‌ಗೆ ತಿಳಿಸುವುದು ಕಡ್ಡಾಯ. ತೆಗೆಯುವ ಮೊದಲೇ ಅವರು ರಾಜೀನಾಮೆ ಕೊಟ್ಟು ಹೊರಟಿದ್ದರೂ ತಿಳಿಸಲೇಬೇಕು. ಅಂಥವರು ನಡತೆ ಪತ್ರ ಕೇಳಿದರೆ ಕೆಲಸ ಮಾಡಿದ ತಾರೀಕು, ಬಿಟ್ಟ ಕಾರಣ, ಎರಡನ್ನೂ ಬರೆಯಿರಿ. ಕಾರಣ ಬರೆಯಲು ಧೈರ್ಯ ಬರದಿದ್ದರೆ ಪತ್ರವನ್ನೇ ಕೊಡಬೇಡಿ.