ಹೆಡ್‌ಫೋನ್ ಜ್ಯಾಕ್ ಇಲ್ಲದ ಫೋನಿಗೆ ಹಳೆಯ ಇಯರ್‌ಫೋನ್ ಜೋಡಿಸುವ ಬಗೆ

ಹೊಸ ಫೋನನ್ನು ಕೈಗೆತ್ತಿಕೊಂಡು, ವರ್ಷಗಳಿಂದ ಜೊತೆಗಿದ್ದ ಇಯರ್‌ಫೋನಿನ ಪಿನ್ನನ್ನು ಎಲ್ಲಿ ಸಿಕ್ಕಿಸಬೇಕೆಂದು ಮೇಲೆ ಕೆಳಗೆ ಹುಡುಕಿ, ಅದಕ್ಕೆ ಜಾಗವೇ ಇಲ್ಲವೆಂದು ತಿಳಿದಾಗ ಆಗುವ ಕಿರಿಕಿರಿ ಸಣ್ಣದಲ್ಲ. 19ನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳ ದಪ್ಪ ಪ್ಲಗ್ಗಿನಿಂದ ಸಣ್ಣದಾಗುತ್ತ ಬಂದ ಈ 3.5 ಮಿಲಿಮೀಟರ್ ಜ್ಯಾಕನ್ನು 2016ರಲ್ಲಿ ಐಫೋನ್ 7 ಕೈಬಿಟ್ಟಿತು. ಆಮೇಲೆ ಅನೇಕ ಕಂಪನಿಗಳು ಅದೇ ಹಾದಿ ಹಿಡಿದವು. ಹಾಗೆಂದು ಇಯರ್‌ಫೋನನ್ನು ಎಸೆಯಬೇಕಾಗಿಲ್ಲ, ಒಂದು ಅಡಾಪ್ಟರ್ ಸಾಕು. ಆದರೆ ಯಾವ ಅಡಾಪ್ಟರ್ ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ.

ಫೋನಿನೊಳಗೆ ಹಾಡು ಅಂಕಿಗಳ ರೂಪದಲ್ಲಿರುತ್ತದೆ. ಅದನ್ನು ಇಯರ್‌ಫೋನಿಗೆ ಬೇಕಾದ, ಏರಿಳಿಯುವ ವಿದ್ಯುತ್ ಸಂಕೇತವಾಗಿ ಬದಲಿಸುವ ಚಿಪ್ಪಿಗೆ ಡ್ಯಾಕ್ ಎನ್ನುತ್ತಾರೆ. ಕೆಲವು ಫೋನುಗಳು ಈ ಕೆಲಸವನ್ನು ತಾವೇ ಮುಗಿಸಿ, ಸಿದ್ಧವಾದ ಸಂಕೇತವನ್ನು ಟೈಪ್-ಸಿ ಪೋರ್ಟಿನ ಮೂಲಕ ಕಳುಹಿಸುತ್ತವೆ; ಅವುಗಳಿಗೆ ಬರೀ ತಂತಿಯ ಅಗ್ಗದ ಅಡಾಪ್ಟರ್ ಸಾಲುತ್ತದೆ. ಉಳಿದವು ಅಂಕಿಗಳನ್ನಷ್ಟೇ ಹೊರಗೆ ಬಿಡುವುದರಿಂದ, ಡ್ಯಾಕ್ ಅಡಾಪ್ಟರಿನೊಳಗೇ ಇರಬೇಕು. ಹೊರನೋಟಕ್ಕೆ ಎರಡೂ ಅಡಾಪ್ಟರುಗಳು ಒಂದೇ ಥರ ಇರುತ್ತವೆ. ಗೆಳೆಯರ ಫೋನಿನಲ್ಲಿ ಹಾಡಿದ್ದು ನಮ್ಮ ಫೋನಿನಲ್ಲಿ ಮೂಕವಾಗುವುದು ಇದರಿಂದಲೇ. ಡ್ಯಾಕ್ ಇರುವ ಅಡಾಪ್ಟರ್ ಬಹುತೇಕ ಎಲ್ಲ ಟೈಪ್-ಸಿ ಫೋನುಗಳಲ್ಲಿ ನಡೆಯುವುದರಿಂದ, ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಪೆಟ್ಟಿಗೆಯ ಮೇಲೆ ಡ್ಯಾಕ್ ಎಂದೋ, 24 ಬಿಟ್, 96 ಕಿಲೋಹರ್ಟ್ಸ್ ಎಂಬಂಥ ಅಂಕಿಗಳೋ ಇವೆಯೇ ಎಂದು ನೋಡಿಕೊಳ್ಳಿ. ಐಫೋನ್ 7ರಿಂದ 14ರವರೆಗಿನವುಗಳಿಗೆ ಲೈಟ್ನಿಂಗ್ ಎಂಬ ಆಪಲ್‌ನದೇ ಪೋರ್ಟಿನ ಅಡಾಪ್ಟರ್ ಬೇಕು. 2023ರ ಐಫೋನ್ 15ರಿಂದ ಟೈಪ್-ಸಿ ಬಂದಿದೆ.

ಸರಿಯಾದ ಅಡಾಪ್ಟರ್ ಸಿಕ್ಕಿಸಿದರೂ ಸದ್ದು ಬಾರದಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಓಟಿಜಿ (ಪೋರ್ಟಿಗೆ ಹೊರಗಿನ ಸಾಧನಗಳನ್ನು ಜೋಡಿಸಲು ಬಿಡುವ ಸೌಲಭ್ಯ) ಎಂದು ಹುಡುಕಿ, ಇದ್ದರೆ ಅದನ್ನು ಆನ್ ಮಾಡಿ. ಕೆಲವು ಫೋನುಗಳಲ್ಲಿ ಇದು ಬಳಕೆಯಿಲ್ಲದೆ ಸ್ವಲ್ಪ ಹೊತ್ತಾದರೆ ತಾನಾಗಿಯೇ ಆಫ್ ಆಗುತ್ತದೆ. ಜೇಬಿನ ನೂಲಿನ ಕಸ ಪೋರ್ಟಿನಲ್ಲಿ ಸೇರಿಕೊಂಡು ಪಿನ್ ಪೂರ್ತಿ ಒಳಗೆ ಹೋಗದಿರುವುದೂ ಉಂಟು. ಮಾತನಾಡಲು ಮೈಕ್ ಇರುವ ಇಯರ್‌ಫೋನಿನ ಪಿನ್ ಮೇಲೆ ಸಾಮಾನ್ಯವಾಗಿ ಮೂರು ಕಪ್ಪು ಗೆರೆಗಳಿರುತ್ತವೆ. ಎರಡೇ ಇದ್ದರೆ ಅದರಲ್ಲಿ ಮೈಕ್ ಇಲ್ಲ, ದೋಷ ಅಡಾಪ್ಟರಿನದಲ್ಲ.

ಚಾರ್ಜ್ ಮಾಡುತ್ತಲೇ ಕೇಳಬೇಕೆಂದರೆ ಎರಡು ಕವಲಿನ ಅಡಾಪ್ಟರ್ ಬೇಕಾಗುತ್ತದೆ. ಎಫ್‌ಎಂ ರೇಡಿಯೋ ಪ್ರಿಯರು ಮಾತ್ರ ಹೆಚ್ಚು ಆಸೆ ಇಟ್ಟುಕೊಳ್ಳಬಾರದು: ಹಳೆಯ ಫೋನುಗಳಲ್ಲಿ ಇಯರ್‌ಫೋನಿನ ತಂತಿಯೇ ಆಂಟೆನಾ ಆಗಿತ್ತು, ಅಡಾಪ್ಟರ್ ಹಾಕಿದಾಗ ಆ ಸಂಪರ್ಕ ಸಾಮಾನ್ಯವಾಗಿ ಉಳಿಯುವುದಿಲ್ಲ.

ಪೋರ್ಟನ್ನು ಮುಟ್ಟುವುದೇ ಬೇಡವೆನ್ನುವವರಿಗೆ, ಅಂಗಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಬ್ಲೂಟೂತ್ ರಿಸೀವರುಗಳಿವೆ. ಇಯರ್‌ಫೋನನ್ನು ಅದರ ಜ್ಯಾಕಿಗೆ ಹಾಕಿದರಾಯಿತು. ಆದರೆ ಅದಕ್ಕೂ ಚಾರ್ಜ್ ಬೇಕು, ಸದ್ದು ತುಸು ತಡವಾಗಿ ಬರುವುದರಿಂದ ಗೇಮ್ ಆಡುವವರಿಗೆ ಅದು ಒಗ್ಗುವುದಿಲ್ಲ. ಅಂಥವರು ತಂತಿಯ ಅಡಾಪ್ಟರನ್ನೇ ಕೊಂಡು, ಇಯರ್‌ಫೋನಿನ ತುದಿಯಿಂದ ಅದನ್ನು ಎಂದೂ ಬಿಚ್ಚದಿರುವುದು ಲೇಸು. ಬಿಡಿಯಾಗಿಟ್ಟ ಬೆರಳುದ್ದದ ವಸ್ತು ಬೇಕಾದಾಗ ಕೈಗೆ ಸಿಗುವುದಿಲ್ಲ.