ಶಾಲಿನ ಅಂಚಿಗೆ ಮಣಿ: ಪೋಣಿಸಬೇಡಿ, ಕೂರಿಸಿ

ನಮ್ಮ ಅತ್ತಿಗೆ ಎರಡು ಕಡ್ಡಿಯಲ್ಲಿ ಶಾಲು ಹೆಣೆಯಲು ಶುರು ಮಾಡುವ ಮೊದಲೇ 300 ಮಣಿಗಳನ್ನು ಉಲ್ಲನ್‌ಗೆ ಪೋಣಿಸಿಟ್ಟುಕೊಂಡರು. ಆಮೇಲೆ ನಾಲ್ಕು ಕುಣಿಕೆ ಹೆಣೆಯುವುದು, ಇಡೀ ಮಣಿಸರವನ್ನು ಒಂದು ಗೇಣು ಹಿಂದಕ್ಕೆ ತಳ್ಳುವುದು. ಇಪ್ಪತ್ತು ಸಾಲಾಗುವಷ್ಟರಲ್ಲಿ ನೂಲು ತಿಕ್ಕಿ ತಿಕ್ಕಿ ಜುಂಗು ಎದ್ದಿತ್ತು. ಪುಟ್ಟ ಪರ್ಸು, ಬಟುವಿಗಾದರೆ ಈ ವಿಧಾನ ನಡೆಯುತ್ತದೆ. ಶಾಲಿಗೆ ಬೇಡವೇ ಬೇಡ. ಮಣಿಯನ್ನು ಬೇಕಾದ ಜಾಗದಲ್ಲಿ ಒಂದೊಂದಾಗಿ ಕೂರಿಸಿ.

1. ಮಣಿ ಆರಿಸಿ. ನಂಬರ್ ದೊಡ್ಡದಾದಷ್ಟೂ ಮಣಿ ಚಿಕ್ಕದು. 6 ನಂಬರಿನದು ಸುಮಾರು 4 ಮಿ.ಮೀ., 8ರದು 3, 11ರದು 2. ತೆಳು ಉಲ್ಲನ್‌ಗೆ 8, ಸ್ವಲ್ಪ ದಪ್ಪದ್ದಕ್ಕೆ 6. ತೂತಿನೊಳಗೆ ನೂಲು ಎರಡು ಮಡಿಕೆಯಾಗಿ ಹೋಗಬೇಕು, ಹಾಗಾಗಿ 11ರ ಗೊಡವೆಗೇ ಹೋಗಬೇಡಿ. ಅಂಗಡಿಗೆ ಹೋಗುವಾಗ ಒಂದು ತುಂಡು ಉಲ್ಲನ್ ಜೊತೆಗಿರಲಿ. ತೂಕಕ್ಕೆ ಮಾರುವ ಅಗ್ಗದ ಮಣಿಗಳಲ್ಲಿ ಒಂದರ ತೂತು ಅಗಲ, ಇನ್ನೊಂದರದು ಅರ್ಧ ಮುಚ್ಚಿರುತ್ತದೆ. ಅಂಚು ಚೂಪಾಗಿದ್ದರಂತೂ ನೂಲನ್ನೇ ಕುಯ್ಯುತ್ತದೆ. ಜಪಾನಿನ ಮಿಯುಕಿ, ಟೊಹೊ ಮಣಿಗಳು ದುಬಾರಿ, ಆದರೆ ಒಂದೇ ಅಳತೆಯವು. ನಾನು ಅವನ್ನೇ ಕೊಳ್ಳುತ್ತೇನೆ. ಬಣ್ಣ ಬಿಡುವ ಮಣಿಯೂ ಇರುತ್ತದೆ. ಐದಾರನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಸೋಪಿನ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಗೊತ್ತಾಗುತ್ತದೆ.

2. ತುದಿಯಲ್ಲಿ ಕೊಕ್ಕೆಯಿರುವ ಸಣ್ಣ ಉಕ್ಕಿನ ಕ್ರೋಶಾ ಕಡ್ಡಿ ತನ್ನಿ. 8 ನಂಬರಿಗೆ 0.6 ಅಥವಾ 0.75 ಮಿ.ಮೀ., 6ಕ್ಕೆ 1 ಮಿ.ಮೀ.

3. ಇನ್ನು ಕೂರಿಸುವುದು. ಎಲ್ಲರೂ ಎಡವುವುದು ಇಲ್ಲೇ.

ಮಣಿ ಬರಬೇಕಾದ ಕುಣಿಕೆಯವರೆಗೆ ಹೆಣೆದು ನಿಲ್ಲಿಸಿ. ಮಣಿಯನ್ನು ಕ್ರೋಶಾ ಕಡ್ಡಿಗೆ ಏರಿಸಿ, ಕೊಕ್ಕೆಯಿಂದ ಸ್ವಲ್ಪ ಹಿಂದಕ್ಕೆ ಸರಿಸಿ. ಈಗ ಎಡಗೈ ಕಡ್ಡಿಯ ಮೊದಲ ಕುಣಿಕೆಯನ್ನು ಕೊಕ್ಕೆಯಿಂದ ಎತ್ತಿಕೊಳ್ಳಿ. ನೋಡಿ, ನೂಲಿನ ಎಲ್ಲಾ ಎಳೆಗಳೂ ಸಿಕ್ಕಿವೆಯಾ? ಒಂದೆಳೆ ತಪ್ಪಿದರೂ ಅಲ್ಲಿ ಪುಟ್ಟ ಕಿವಿಯಂತೆ ಹೊರಗೆ ಕಾಣುತ್ತದೆ, ಆಮೇಲೆ ಸರಿ ಮಾಡಲಾಗದು. ಕೆಳಗಿನ ಹೆಣಿಗೆಯನ್ನು ಹೆಬ್ಬೆರಳಿಂದ ಒತ್ತಿ ಹಿಡಿದು ಕುಣಿಕೆಯನ್ನು ಬಿಗಿಯಾಗಿಸಿ. ಆಗ ಅದರ ಎರಡು ಕಾಲೂ (ಎರಡು ಬದಿಯ ನೂಲು) ಒಟ್ಟಿಗೆ ಸೇರಿ ತೆಳ್ಳಗಾಗುತ್ತವೆ. ಮಣಿಯನ್ನು ಉಗುರಿನಿಂದ ಕೊಕ್ಕೆ ದಾಟಿಸಿ ಕುಣಿಕೆಯ ಮೇಲೆ ಜಾರಿಸಿ. ಹಟ ಮಾಡಿದರೆ ಜೋರು ಮಾಡಬೇಡಿ. ಮಣಿ ಒಡೆಯುತ್ತದೆ, ಇಲ್ಲವೇ ಕೊಕ್ಕೆ ಮುರಿಯುತ್ತದೆ. ಆ ಮಣಿ ಬಿಟ್ಟು ಬೇರೆಯದನ್ನು ತೆಗೆದುಕೊಳ್ಳಿ.

ಕುಣಿಕೆಯನ್ನು ಮತ್ತೆ ಎಡಗೈ ಕಡ್ಡಿಗೆ ಹಾಕುವಾಗ ಅದರ ಬಲಗಾಲು ಕಡ್ಡಿಯ ಮುಂದಿರಲಿ. ತಿರುಚಿದರೆ ಮಣಿ ವಾಲಿಕೊಂಡು ಕೂರುತ್ತದೆ. ನಂತರ ಎಂದಿನಂತೆ ಸೀದಾ ಹೆಣೆಯಿರಿ. ಮೊದಲ ಹತ್ತು ಮಣಿಗೆ ಅರ್ಧ ಗಂಟೆ ಹಿಡಿದರೂ ಬೇಜಾರಾಗಬೇಡಿ, ಕೈ ಪಳಗುತ್ತದೆ.

ಅಷ್ಟು ಸಣ್ಣ ಕೊಕ್ಕೆ ಸಿಗಲಿಲ್ಲವಾ? ಗಟ್ಟಿ ಹೊಲಿಗೆ ದಾರವನ್ನು ಕುಣಿಕೆಯೊಳಗೆ ತೂರಿಸಿ, ಅದರ ಎರಡೂ ತುದಿಗಳನ್ನು ಸೂಜಿಗೆ ಪೋಣಿಸಿ. ಸೂಜಿಯನ್ನು ಮಣಿಯಲ್ಲಿ ದಾಟಿಸಿ, ಮಣಿಯನ್ನು ಕುಣಿಕೆಯ ಮೇಲಕ್ಕೆ ತಳ್ಳಿ ದಾರ ಎಳೆದುಬಿಡಿ. ಈ ಅಡ್ಡದಾರಿ ನಿಜಕ್ಕೂ ಚೆನ್ನಾಗಿದೆ. ಕೊನೆಯಲ್ಲಿ ಅಂಟು ಹಾಕಿ ಮಣಿ ಹಚ್ಚುವುದು ಮಾತ್ರ ಅಡ್ಡದಾರಿಯಲ್ಲ, ಮೋಸ. ಎರಡು ಸಲ ಒಗೆದರೆ ಉದುರುತ್ತದೆ.

4. ಎಷ್ಟು ಮಣಿ? 8 ನಂಬರಿನ ನೂರು ಮಣಿ ಎರಡೂವರೆಯಿಂದ ಮೂರು ಗ್ರಾಂ ತೂಗುತ್ತವೆ. ಇಡೀ ಶಾಲಿಗೆ ಸುರಿದರೆ ಜೋತು ಬೀಳುತ್ತದೆ. ಅಂಚಿಗೆ ಹಾಕಿದರೆ ಸಾಕು, ಆ ಭಾರಕ್ಕೆ ಅಂಚು ಚೆನ್ನಾಗಿ ಇಳಿಬಿದ್ದು ನಿಲ್ಲುತ್ತದೆ. ಎಳೆಗೂಸುಗಳ ಸ್ವೆಟರ್, ಟೋಪಿಗೆ ಒಂದು ಮಣಿಯೂ ಬೇಡ. ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ.

5. ಮುಗಿದ ಮೇಲೆ ಕೈಯಲ್ಲೇ ತೊಳೆದು, ಟವೆಲಿನಲ್ಲಿ ಸುತ್ತಿ ನೀರು ಹಿಂಡಿ, ಹಾಸಿ ಒಣಗಿಸಿ. ಇಸ್ತ್ರಿ ತಾಗಿಸಬೇಡಿ.