ಅಟ್ಟದ ಮೇಲೊಂದು ಪೈ: 40 ಮೀಟರ್ ಬ್ಯಾಂಡಿಗೆ ನಾನು ಮಾಡಿಕೊಂಡ ವಿಸ್ಪರ್ ರಿಸೀವರ್

ನಮ್ಮನೆ ಅಟ್ಟದಲ್ಲಿ ಒಂದು ರಾಸ್ಪ್‌ಬೆರಿ ಪೈ ಜೀರೋ 2 ಡಬ್ಲ್ಯೂ ಅನ್ನುವ ಪುಟಾಣಿ ಕಂಪ್ಯೂಟರ್ ಹಗಲೂ ರಾತ್ರಿ 40 ಮೀಟರ್ ಬ್ಯಾಂಡ್ (7 ಮೆಗಾಹರ್ಟ್ಸ್ ಆಸುಪಾಸಿನ ಹವ್ಯಾಸಿ ರೇಡಿಯೋ ಅಲೆಗಳು) ಕೇಳುತ್ತಾ ಕೂತಿದೆ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಜೊತೆಗೆ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ರೇಡಿಯೋ ರಿಸೀವರ್), ಒಂದು ಜಿಪಿಎಸ್ ಮಾಡ್ಯೂಲ್, ಒಂದು 12 ವೋಲ್ಟ್ ಬ್ಯಾಟರಿ, ಅಷ್ಟೇ. ಮನೆ ಇರುವುದು ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ಅಂಚಿನಲ್ಲಿ. ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ತಗೊಂಡವರು "ಪೈ ತಂದಿದ್ದೇನೆ, ಇದರಲ್ಲಿ ಏನು ಮಾಡಲಿ?" ಅಂತ ಕೇಳಿದರೆ ನಾನು ಹೇಳುವುದು ಇದನ್ನೇ, ಮೊದಲು ಒಂದು ವಿಸ್ಪರ್ ರಿಸೀವರ್ ಮಾಡಿ. ವಿಸ್ಪರ್ (WSPR) ಅಂದರೆ ತೀರಾ ಸಣ್ಣ ಪವರಿನ ಸಿಗ್ನಲ್ ಎಲ್ಲಿಂದ ಎಲ್ಲಿಗೆ ತಲುಪುತ್ತದೆ ಅಂತ ನೋಡಲು ಹ್ಯಾಮ್‌ಗಳು ಬಳಸುವ ಪದ್ಧತಿ. ಸಾಫ್ಟ್‌ವೇರ್ ಹಾಕುವುದು ಒಂದು ಸಂಜೆಯ ಕೆಲಸ. ಕಲಿಯುವುದೆಲ್ಲ ಅದರ ಆಚೆ ಇದೆ, ಮುಖ್ಯವಾಗಿ ಮನೆಯೊಳಗಿನ ರೇಡಿಯೋ ಗದ್ದಲವನ್ನು ಹಿಡಿದು ಅಡಗಿಸುವುದರಲ್ಲಿ.

ವಿಸ್ಪರ್ ಬರೆದವರು ಜೋ ಟೇಲರ್, ಅವರ ಕರೆಗುರುತು (ರೇಡಿಯೋದಲ್ಲಿ ಹೆಸರಿನ ಬದಲು ಬಳಸುವ ಗುರುತು) ಕೆ1ಜೆಟಿ. ಇನ್ನೊಂದು ನಕ್ಷತ್ರದ ಜೋಡಿಯಾಗಿ ಸುತ್ತುವ ಪಲ್ಸಾರ್ (ಮಿಡಿಯುವಂತೆ ರೇಡಿಯೋ ಅಲೆ ಕಳಿಸುವ ನಕ್ಷತ್ರ) ಕಂಡುಹಿಡಿದದ್ದಕ್ಕೆ 1993ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡವರು. ಗದ್ದಲದೊಳಗಿಂದ ಸಣ್ಣ ಸಿಗ್ನಲ್ ಹೆಕ್ಕಿ ತೆಗೆಯುವುದೇ ಅವರ ಕಸುಬು, 2008ರಲ್ಲಿ ಆ ವಿದ್ಯೆಯನ್ನು ನಮ್ಮಂಥವರ ಕೈಗೂ ಕೊಟ್ಟರು. ಸಮಸಂಖ್ಯೆಯ ನಿಮಿಷ ಶುರುವಾಗಿ ಒಂದು ಸೆಕೆಂಡಿಗೆ ಪ್ರಸಾರ ಶುರು, 110.6 ಸೆಕೆಂಡು ನಡೆಯುತ್ತದೆ. ಅಷ್ಟು ಹೊತ್ತಿನಲ್ಲಿ ಹೋಗುವುದು ಕರೆಗುರುತು, ನಾಲ್ಕು ಅಕ್ಷರದ ಗ್ರಿಡ್ (ಭೂಪಟದಲ್ಲಿ ಊರು ಬೀಳುವ ಚೌಕದ ಗುರುತು), ಎಷ್ಟು ಪವರ್ ಅನ್ನುವುದು, ಬೇರೇನೂ ಇಲ್ಲ. ಸಿಗ್ನಲ್ ಅಗಲ ಬರೀ 6 ಹರ್ಟ್ಸ್. ಹೀಗೆ ನಿಧಾನವಾಗಿ, ಇಕ್ಕಟ್ಟಾಗಿ ಕಳಿಸುವುದರಿಂದಲೇ ಕಿವಿಗೆ ಏನೇನೂ ಕೇಳದ ಸಿಗ್ನಲ್ ಕೂಡ ಪೈಗೆ ಬಿಡಿಸಲು ಸಿಗುತ್ತದೆ. ನಮ್ಮ ಗ್ರಿಡ್ ಎಂಕೆ73. ಬೆಂಗಳೂರು, ಮೈಸೂರಿನವರದು ಎಂಕೆ82.

ಡಾಂಗಲ್ ಆರ್‌ಟಿಎಲ್-ಎಸ್‌ಡಿಆರ್ ವಿ3. ಇದರ ಟ್ಯೂನರ್ 24 ಮೆಗಾಹರ್ಟ್ಸ್‌ಗಿಂತ ಕೆಳಗೆ ಇಳಿಯುವುದಿಲ್ಲ, ಹಾಗಾಗಿ ಟ್ಯೂನರ್ ಬಿಟ್ಟು ಆಂಟೆನಾದ ಸಿಗ್ನಲ್ ನೇರ ಚಿಪ್‌ಗೆ ಹೋಗುವ ಡೈರೆಕ್ಟ್ ಸ್ಯಾಂಪ್ಲಿಂಗ್ ಬಳಸಬೇಕು. ಎಲ್ಲರೂ ಮೊದಲು 20 ಮೀಟರ್ ಅಂತಾರೆ, ನಾನು ಬೇಡ ಅಂತೀನಿ. ಚಿಪ್ ಓಡುವುದು 28.8 ಮೆಗಾಹರ್ಟ್ಸ್ ಗಡಿಯಾರದ ಮೇಲೆ, ಅದರ ಅರ್ಧ 14.4. ವಿಸ್ಪರ್ ಇರುವ 14.0956 ಆ ಗೆರೆಗೆ ತೀರಾ ಹತ್ತಿರ, ಆಚೆ ಬದಿಯ 14.7044ರಲ್ಲಿ ಏನಿದ್ದರೂ ಮಡಿಚಿಕೊಂಡು ಬಂದು ಇದರ ಮೇಲೇ ಕೂರುತ್ತದೆ. 40 ಮೀಟರಿನ 7.0386ಕ್ಕೆ ಆ ಕಾಟ ಇಲ್ಲ. ಆದರೆ ಡಾಂಗಲ್ ಬರೀ 8 ಬಿಟ್, ಸಂಜೆಯಾದರೆ 7.2 ಮೇಲಿನ ಶಾರ್ಟ್‌ವೇವ್ ಪ್ರಸಾರಗಳು ಅದರ ಕಿವಿ ಕಿವುಡು ಮಾಡಿಬಿಡುತ್ತವೆ. ಕೆಂಪು ಬಣ್ಣದ ಟಿ50-2 ಟೊರಾಯ್ಡ್ (ಬಳೆಯಾಕಾರದ ಕೋರ್) ಮೇಲೆ ತಂತಿ ಸುತ್ತಿ, ಬೇಕಾದ ಬ್ಯಾಂಡನ್ನು ಮಾತ್ರ ಒಳಗೆ ಬಿಡುವ ಒಂದು ಬ್ಯಾಂಡ್‌ಪಾಸ್ ಫಿಲ್ಟರ್ ಮಾಡಿ ಮುಂದೆ ಹಾಕಿದ ಮೇಲೆ ರಾತ್ರಿಯ ಡಿಕೋಡ್‌ಗಳ (ಪೈ ಬಿಡಿಸಿದ ಸಿಗ್ನಲ್‌ಗಳ) ಪಟ್ಟಿ ಉದ್ದವಾಯಿತು.

ಆಂಟೆನಾ ಸಾದಾ ಡೈಪೋಲ್, ಒಂದೊಂದು ಕಡೆ ಸುಮಾರು 10 ಮೀಟರ್ ತಂತಿ. ಒಂದು ತುದಿ ಹಲಸಿನ ಮರಕ್ಕೆ, ಇನ್ನೊಂದು ಅಡಿಕೆ ಮರಕ್ಕೆ. ಅಡಿಕೆ ಕೊನೆ (ಗೊನೆ) ತೆಗೆಯಲು ಬಂದವರ ಹತ್ತಿರ ಹೇಳಿ ಹಗ್ಗ, ರಾಟೆ ಕಟ್ಟಿಸಿದೆ, ಅವರು ಮರದಿಂದ ಮರಕ್ಕೆ ಹೋಗುವಾಗಲೇ ಕೆಲಸ ಮುಗಿಸಿ ಇಳಿದರು. ಅಡಿಕೆ ಮರ ಗಾಳಿಗೆ ಎಷ್ಟು ಬಾಗುತ್ತದೆ ಗೊತ್ತಲ್ವಾ, ತಂತಿಯನ್ನು ಬಿಗಿದು ಕಟ್ಟಿದರೆ ಮೊದಲ ಮಳೆಗೇ ಹರಿಯುತ್ತದೆ. ಹಗ್ಗವನ್ನು ರಾಟೆ ಮೇಲೆ ಹಾಯಿಸಿ ಕೆಳಗೆ ಒಂದು ಕಲ್ಲು ತೂಗುಹಾಕಿದರೆ ಮರ ಬಾಗಿದಂತೆ ಕಲ್ಲು ಮೇಲೆ ಕೆಳಗೆ ಆಡಿಕೊಂಡಿರುತ್ತದೆ.

ಈಗ ಗದ್ದಲದ ವಿಷಯ. ಪೈ ಓಡಿಸಲು 5 ವೋಲ್ಟ್ ಬೇಕು, ಎಲ್ಲರೂ ಕೈಗೆ ಸಿಕ್ಕ ಮೊಬೈಲ್ ಚಾರ್ಜರ್ ಚುಚ್ಚುತ್ತಾರೆ. ಚುಚ್ಚುವ ಮೊದಲು ಒಂದು ಬ್ಯಾಟರಿ ರೇಡಿಯೋವನ್ನು ಶಾರ್ಟ್‌ವೇವ್‌ಗೆ ತಿರುಗಿಸಿ ಆ ಚಾರ್ಜರ್ ಹತ್ತಿರ ಹಿಡಿದು ನೋಡಿ, ಅದರ ಗುಣ ತಕ್ಷಣ ಗೊತ್ತಾಗುತ್ತದೆ. ನಾನು ಬ್ಯಾಟರಿಯ 12 ವೋಲ್ಟನ್ನು 5ಕ್ಕೆ ಇಳಿಸಲು ಅಂಗಡಿಯಲ್ಲಿ ಸಿಗುವ ಎಲ್‌ಎಂ2596 ಬೋರ್ಡನ್ನೂ ಪರೀಕ್ಷೆ ಮಾಡಿದೆ. ಆ ಚಿಪ್ ಸುಮಾರು 150 ಕಿಲೋಹರ್ಟ್ಸ್‌ನಲ್ಲಿ ಆನ್-ಆಫ್ ಆಗುತ್ತಿರುತ್ತದೆ, ಪ್ರತಿ 150 ಕಿಲೋಹರ್ಟ್ಸ್‌ಗೆ ಒಂದು ಮರಿ ಸಿಗ್ನಲ್ ಹಾಕುತ್ತಾ ಹೋಗುತ್ತದೆ. 47ನೆಯ ಮರಿ ಬೀಳುವುದು 7050 ಕಿಲೋಹರ್ಟ್ಸ್‌ನಲ್ಲಿ, ವಿಸ್ಪರ್‌ನ 7038.6ರ ಪಕ್ಕದಲ್ಲೇ! ಅದು ಒಂದೇ ಕಡೆ ನಿಲ್ಲುವುದೂ ಇಲ್ಲ, ಬೋರ್ಡ್ ಬಿಸಿಯಾದಂತೆ, ಪೈ ಹೆಚ್ಚು ಕಮ್ಮಿ ಕರೆಂಟ್ ಎಳೆದಂತೆ ಗೆರೆ ಜರುಗುತ್ತದೆ, ಜರುಗುತ್ತಾ ವಿಸ್ಪರ್ ಇರುವ 200 ಹರ್ಟ್ಸ್ ಕಿಟಕಿಯೊಳಗೆ ಬಂದರೆ ಅವತ್ತಿನ ಕಥೆ ಮುಗಿಯಿತು. ಕೊನೆಗೆ ಹಾಗೆ ಆನ್-ಆಫ್ ಆಗದ, ಹಳೇ ಕಾಲದ 7805 ರೆಗ್ಯುಲೇಟರನ್ನೇ ಹಾಕಿದೆ. ಪೈ ಮತ್ತು ಡಾಂಗಲ್ ಸೇರಿ ಸುಮಾರು ಅರ್ಧ ಆಂಪಿಯರ್ ಎಳೆಯುತ್ತವೆ, 7 ವೋಲ್ಟ್ ಇಳಿಸಬೇಕು, ಅಂದರೆ ಮೂರೂವರೆ ವಾಟ್ ಸುಮ್ನೆ ಶಾಖವಾಗಿ ಹೋಗುತ್ತದೆ. ದೊಡ್ಡ ಅಲ್ಯೂಮಿನಿಯಂ ಹೀಟ್‌ಸಿಂಕ್ ಬೇಕೇ ಬೇಕು. ಹೋಗಲಿ ಬಿಡಿ, ಅದು ಬ್ಯಾಂಡಿನಲ್ಲಿ ಸದ್ದೇ ಮಾಡುವುದಿಲ್ಲ, ನನಗೆ ಅದು ಮುಖ್ಯ. ಬ್ಯಾಟರಿ ಚಾರ್ಜ್ ಮಾಡುವುದೂ ಭಾರದ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಚಾರ್ಜರೇ.

ಪೈ ಸುಮ್ಮನಾದ ಮೇಲೆ ಮನೆಯ ಸರದಿ. ಮೇನ್ ಸ್ವಿಚ್ ಆಫ್ ಮಾಡಿ, ಬ್ಯಾಟರಿ ಮೇಲೆ ಪೈ ಓಡಿಸುತ್ತಾ, ಲ್ಯಾಪ್‌ಟಾಪಿನಲ್ಲಿ ವಾಟರ್‌ಫಾಲ್ (ಸಿಗ್ನಲ್‌ಗಳನ್ನು ಬಣ್ಣದಲ್ಲಿ ತೋರಿಸುವ ಚಿತ್ರ) ನೋಡಿಕೊಂಡು ಒಂದೊಂದೇ ಎಂಸಿಬಿ ಮೇಲೆತ್ತಿ. ಯಾವುದು ಎತ್ತಿದಾಗ ಪರದೆ ತುಂಬ ಬಣ್ಣ ಚೆಲ್ಲುತ್ತದೆ ನೋಡಿ. ನಮ್ಮಲ್ಲಿ ಒಂದೆರಡು ಎಲ್‌ಇಡಿ ಬಲ್ಬು, ಒಂದು ಇನ್ವರ್ಟರ್ ಸಿಕ್ಕವು, ಬಲ್ಬು ಬದಲಾಯಿಸಿದೆ, ಇನ್ವರ್ಟರ್ ವೈರಿಗೆ ಗದ್ದಲ ತಡೆಯುವ ಫೆರೈಟ್ ಬಳೆ ಹಾಕಿದೆ. ಅಷ್ಟಾದರೂ ಸೆಕೆಂಡಿಗೊಂದು ಟಿಕ್, ಟಿಕ್ ಅನ್ನುವ ಸದ್ದು ಉಳಿದಿತ್ತು. ಮೇನ್ ಆಫ್ ಇದ್ದರೂ ಬರುತ್ತಿತ್ತು. ರೇಡಿಯೋ ಕೈಯಲ್ಲಿ ಹಿಡಿದು ತೋಟ ಸುತ್ತಿದಾಗ ಗೊತ್ತಾಯಿತು, ಅದು ಹಂದಿಗೆ ಹಾಕಿದ ಸೋಲಾರ್ ಬೇಲಿ. ಬೇಲಿ ತಂತಿಗೆ ಹಸಿ ಬಳ್ಳಿ ತಾಗಿದ ಕಡೆಯೆಲ್ಲ ಪ್ರತಿ ಸಲ ಪಲ್ಸ್ ಬಂದಾಗ ಸಣ್ಣ ಕಿಡಿ ಹಾರುತ್ತದೆ. ಬಳ್ಳಿ ಸವರಿದರೆ ಟಿಕ್ ನಿಂತಿತು. ಬೇಲಿಗೂ ಒಳ್ಳೆಯದೇ ಆಯಿತು. ಮಳೆಗಾಲದಲ್ಲಿ ಮತ್ತೆ ಮತ್ತೆ ಸವರಬೇಕು, ಏನೂ ಮಾಡುವ ಹಾಗಿಲ್ಲ.

ಸಮಯದ ಲೆಕ್ಕ ಇನ್ನೊಂದು. ಜೀರೋ 2 ಡಬ್ಲ್ಯೂ ಒಳಗೆ ಗಡಿಯಾರ ಇಲ್ಲ, ಕರೆಂಟು ಹೋಗಿ ಬಂದರೆ ಕೊನೆಯ ಸಲ ಕಾರ್ಡಿನಲ್ಲಿ ಉಳಿಸಿಟ್ಟ ಹೊತ್ತಿನಿಂದಲೇ ಎಣಿಸಲು ಶುರು ಮಾಡುತ್ತದೆ, ನೆಟ್ ಬರುವ ತನಕ ಅದಕ್ಕೆ ಈಗ ಎಷ್ಟು ಗಂಟೆ ಗೊತ್ತಿಲ್ಲ. ವಿಸ್ಪರ್‌ಗೆ ಒಂದೆರಡು ಸೆಕೆಂಡ್‌ಗಿಂತ ಜಾಸ್ತಿ ವ್ಯತ್ಯಾಸ ಆದರೆ ಏನೂ ಡಿಕೋಡ್ ಆಗುವುದಿಲ್ಲ. ಮಲೆನಾಡಿನ ನೆಟ್ ನಂಬಿ ಕೂರಲು ಆಗುತ್ತಾ? ನಿಯೋ-6ಎಂ ಜಿಪಿಎಸ್ ಮಾಡ್ಯೂಲನ್ನು ಪೈನ ಸೀರಿಯಲ್ ಪಿನ್ನಿಗೆ ಕೊಟ್ಟು, ಬ್ಲೂಟೂತ್ ಆಫ್ ಮಾಡಿ ಒಳ್ಳೆಯ ಸೀರಿಯಲ್ ಪೋರ್ಟನ್ನು ಅದಕ್ಕೇ ಬಿಟ್ಟುಕೊಟ್ಟು, ಗಡಿಯಾರ ಸರಿಪಡಿಸುವ ಕ್ರೋನಿ ಪ್ರೋಗ್ರಾಮಿಗೆ ಅಲ್ಲಿಂದ ಸಮಯ ಓದಲು ಹೇಳಿದೆ. ಸೆಕೆಂಡಿಗೊಂದು ಪಲ್ಸ್ ಕೊಡುವ ಪಿನ್ ಇದ್ದರೆ ಇನ್ನೂ ನಿಖರ, ವಿಸ್ಪರ್‌ಗೆ ಅದಿಲ್ಲದೆಯೂ ನಡೆಯುತ್ತದೆ. ಮಾಡ್ಯೂಲ್ ಇಟ್ಟಿರುವುದು ಗಾಜಿನ ಹಂಚಿನ ಕೆಳಗೆ, ಅಲ್ಲಿಂದ ಆಕಾಶ ಚೆನ್ನಾಗಿ ಕಾಣುತ್ತದೆ.

ಎಸ್‌ಡಿ ಕಾರ್ಡ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬರೆಯುವ ಹೊತ್ತಿಗೆ ಕರೆಂಟು ಹೋದರೆ ಕಾರ್ಡ್ ಕೆಡುತ್ತದೆ. ಪೈನ ಸೆಟ್ಟಿಂಗಿನಲ್ಲೇ ಓವರ್‌ಲೇ ಫೈಲ್‌ಸಿಸ್ಟಂ ಅಂತ ಇದೆ, ಅದನ್ನು ಆನ್ ಮಾಡಿದರೆ ಕಾರ್ಡಿಗೆ ಏನೂ ಬರೆಯುವುದಿಲ್ಲ, ಎಲ್ಲ ಮೆಮೊರಿಯಲ್ಲೇ ನಡೆಯುತ್ತದೆ. ಡಿಕೋಡ್ ಆದದ್ದು ಹೇಗೂ ಎಲ್ಲರ ವರದಿ ಸೇರಿಸಿಡುವ ವೆಬ್‌ಸೈಟ್ ವಿಸ್ಪರ್‌ನೆಟ್‌ಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದೇನು ಅಂದರೆ, ನಿಮ್ಮ ಊರಿನ ಮೇಲಿನ ಆಕಾಶದ ದಿನಚರಿ. ಮಧ್ಯಾಹ್ನ ಪಟ್ಟಿ ಹೆಚ್ಚುಕಮ್ಮಿ ಖಾಲಿ, ಬಿಸಿಲಿನ ಹೊತ್ತು ಅಯಾನುಗೋಳದ (ವಾತಾವರಣದ ಮೇಲ್ಭಾಗದಲ್ಲಿರುವ ವಿದ್ಯುತ್ ಕಣಗಳ ವಲಯ) ಡಿ ಪದರ 7 ಮೆಗಾಹರ್ಟ್ಸನ್ನು ನುಂಗಿಬಿಡುತ್ತದೆ, ಬಂದರೆ ಹತ್ತಿರದವರು ಮಾತ್ರ. ಹೊತ್ತು ಮುಳುಗುತ್ತಿದ್ದ ಹಾಗೆ ಪೂರ್ವದ ಕಡೆಯವರು, ಆಸ್ಟ್ರೇಲಿಯ, ಜಪಾನ್. ಅಲ್ಲಿ ಆಗಲೇ ಕತ್ತಲಾಗಿರುತ್ತದಲ್ಲ. ಬೆಳಗಿನ ಜಾವ ಯುರೋಪಿನವರು ಮೇಲೆ ಬರುತ್ತಾರೆ, ನಮ್ಮಲ್ಲಿ ಬಿಸಿಲು ಏರಿದಂತೆ ಒಬ್ಬೊಬ್ಬರೇ ಅಳಿಸಿ ಹೋಗುತ್ತಾರೆ. ಒಂದು ಸಾಲು ನನಗೆ ಬಾಯಿಪಾಠ ಆಗಿದೆ: ವಿಕೆ (ಆಸ್ಟ್ರೇಲಿಯದ) ಕರೆಗುರುತು, ಮೈನಸ್ 24 ಡೆಸಿಬೆಲ್ (ಅಂದರೆ ಗದ್ದಲಕ್ಕಿಂತ ಅಷ್ಟು ಕೆಳಗೆ), ಪವರ್ 23 ಡಿಬಿಎಂ. 23 ಡಿಬಿಎಂ ಅಂದರೆ 200 ಮಿಲಿವಾಟ್. ಇಷ್ಟು ಸಣ್ಣ ಪವರ್ 9,000 ಕಿಲೋಮೀಟರ್ ದಾಟಿ ನಮ್ಮ ಹಲಸಿನ ಮರಕ್ಕೆ ಕಟ್ಟಿದ ತಂತಿಗೆ ಬಂದಿದೆ. ಪುಸ್ತಕದಲ್ಲಿ ಪದರಗಳ ಬಗ್ಗೆ ಎಷ್ಟು ಓದಿದ್ದರೂ ಇದನ್ನು ನೋಡಿದಾಗ ಆಗುವ ಖುಷಿಯೇ ಬೇರೆ. ನಾನು ಬೆಳಗ್ಗೆ ಟ್ರಾನ್ಸ್‌ಸೀವರ್ ಆನ್ ಮಾಡುವ ಮೊದಲು ಈ ಪಟ್ಟಿ ನೋಡಿಯೇ ಯಾವ ಕಡೆ ಕರೆಯಬೇಕು ಅಂತ ತೀರ್ಮಾನ ಮಾಡುತ್ತೇನೆ. ಅದೇ ಆಂಟೆನಾವನ್ನು ಟ್ರಾನ್ಸ್‌ಸೀವರ್, ಡಾಂಗಲ್ ಎರಡಕ್ಕೂ ಬಳಸುವುದರಿಂದ ನಡುವೆ ಕೋಯಾಕ್ಸ್ (ಆಂಟೆನಾ ಕೇಬಲ್) ಸ್ವಿಚ್ ಇದೆ, ಡಾಂಗಲ್ ಕಡೆ ತಿರುಗಿಸಿದ್ದಾಗ ಪಿಟಿಟಿ (ಪ್ರಸಾರದ ಗುಂಡಿ) ಒತ್ತಿದರೆ ಡಾಂಗಲ್ ಉಳಿಯುವುದಿಲ್ಲ.

ಏಪ್ರಿಲ್, ಮೇ ಸಂಜೆಗಳಲ್ಲಿ ಮೋಡ ಕಟ್ಟುವುದು ಕಂಡರೂ ಸಾಕು, ಗುಡುಗು ಕೇಳುವ ಮೊದಲೇ ಕೋಯಾಕ್ಸ್ ಕಿತ್ತು ಮನೆ ಹೊರಗೆ ಹಾಕಿ. ಮನೆಯಲ್ಲಿ ಎಲ್ಲರಿಗೂ ಇದನ್ನು ಹೇಳಿಕೊಟ್ಟಿದ್ದೇನೆ, ನಾನಿಲ್ಲದಿದ್ದರೂ ಯಾರಾದರೂ ಕೀಳುತ್ತಾರೆ.

ಮುಂದಿನ ಕೆಲಸ ಕಳಿಸುವುದು. ಪೈನ ಜಿಪಿಐಓ 4 ಪಿನ್ನಿನಿಂದಲೇ ವಿಸ್ಪರ್ ಸಿಗ್ನಲ್ ಹೊರಡಿಸುವ ಪ್ರೋಗ್ರಾಂ ಇದೆ, ಸುಮಾರು 10 ಮಿಲಿವಾಟ್ ಬರುತ್ತದೆ. ಆದರೆ ಅದು ಚೌಕ ಅಲೆ, 7 ಮೆಗಾಹರ್ಟ್ಸ್ ಜೊತೆ 21ರಲ್ಲೂ 35ರಲ್ಲೂ ಕೂಗುತ್ತದೆ. ಆ ಮೇಲಿನವನ್ನು ತಡೆಯುವ ಲೋಪಾಸ್ ಫಿಲ್ಟರ್ ಇಲ್ಲದೆ ಆಂಟೆನಾಗೆ ಕೊಡಲೇಬಾರದು, ಲೈಸೆನ್ಸ್ ಇಲ್ಲದವರಂತೂ ಮುಟ್ಟುವುದೇ ಬೇಡ. ನನ್ನ ಫಿಲ್ಟರ್ ಸುತ್ತಿ ಆಗಿದೆ. ಡಮ್ಮಿ ಲೋಡಿಗೆ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಹಾಕಿ 21 ಮೆಗಾಹರ್ಟ್ಸ್‌ನಲ್ಲಿ ಎಷ್ಟು ಉಳಿಯುತ್ತದೆ ಅಂತ ಅಳೆದು, ಸರಿ ಇದ್ದರೆ ಈ ಮಳೆಗಾಲ ಮುಗಿದ ಮೇಲೆ ಎಂಕೆ73ರಿಂದ ಶುರು ಮಾಡುತ್ತೇನೆ.